ಹಿತ್ತಾಳೆ ಹೆಂಗಸಿನ ಮೂಗು

"ಜಮಖಾನ ಮುಟ್ಬೇಡಿ ಸೆಡ್ರಿಕ್," ಎಂದು ಚರ್ಚಿನ ಉಸ್ತುವಾರಿಯ ಮಿಸ್ ಥರ್ಲೋ ಹೇಳುವಷ್ಟರಲ್ಲಿ ಮುದುಕ ಅರ್ಧ ಸುತ್ತಿಯಾಗಿತ್ತು.

ಅವನ ಹೆಂಡತಿ ವಿನಿಫ್ರೆಡ್‌ಳ ಶವಪೆಟ್ಟಿಗೆ ಬರಲು ಇನ್ನೂ ಅರ್ಧ ಗಂಟೆಯಿತ್ತು. ಜಮಖಾನದಡಿಯ ನೆಲಗಲ್ಲಿನಲ್ಲಿ ಹಳೆಯ ಸಮಾಧಿಯೊಂದರ ಚಪ್ಪಟೆ ತಗಡಿನಲ್ಲಿ ಕೊರೆದ ಆರುನೂರು ವರ್ಷದ ಹಿತ್ತಾಳೆ ಹೆಂಗಸು ಕೈಮುಗಿದು ಮಲಗಿದ್ದಳು. ನಿಲುವಂಗಿಯ ನೆರಿಗೆ, ಕಾಲ ಬಳಿಯ ನಾಯಿಮರಿ ಎಲ್ಲ ಸ್ಪಷ್ಟ. ಮುಖ ಮಾತ್ರ ತಟ್ಟೆಯ ಹಾಗೆ ಬೋಳು.

"ಬಂದೋರು ನೋಡಿ ಮಾತಾಡ್ಕೋತಾರೆ. ಇವತ್ತೊಂದಿನ ಮುಚ್ಚಿರ್ಲಿ. ವಿನ್ನಿ ಮರ್ಯಾದೆಗೇ ಹೇಳ್ತಿರೋದು."

"ಮರ್ಯಾದೆ ತೆಗೆದೋರು ಯಾರು? ಬಾಗಿಲ ಹತ್ರ ಚರ್ಚಿನ ಇತಿಹಾಸ ಅಂತ ಹಾಳೆ ಇಟ್ಟಿದೀರಲ್ಲ. 'ಅತಿಯಾಗಿ ಉಜ್ಜಿದ್ದರಿಂದ ಮುಖ ಅಳಿಸಿಹೋಗಿದೆ.' ಈ ಹಳ್ಳೀಲಿ ಉಜ್ತಿದ್ದೋಳು ಇನ್ಯಾರು? ಅವಳನ್ನ ಹೂಳೋಕ್ ಮುಂಚೆ ಆ ಸಾಲು ಹೋಗ್ಬೇಕು."

"ಅವಳೇ ಒಪ್ಕೊಂಡಿದ್ಲಲ್ಲ."

*

ಒಪ್ಪಿಕೊಂಡದ್ದು ಹೌದು. ಹನ್ನೆರಡು ವರ್ಷದ ಹಿಂದೆ ಹಳೆಯ ಚರ್ಚುಗಳ ತಜ್ಞನೊಬ್ಬ ಬಂದು, ಮುಖ ಅಳಿಸುವಷ್ಟು ಇದನ್ನು ತಿಕ್ಕಿ ತಿಕ್ಕಿ ಇಟ್ಟ ಪುಣ್ಯಾತ್ಮರು ಯಾರೆಂದು ಕೇಳಿದ್ದ. ವಿನಿಫ್ರೆಡ್‌ಳ ಕೈಯಲ್ಲಿ ಪಾಲಿಶ್ ಡಬ್ಬಿಯಿತ್ತು. ಮೂವತ್ತೈದು ವರ್ಷ, ಪ್ರತಿ ಶನಿವಾರ, ಮೊಣಕಾಲೂರಿ ಉಜ್ಜಿದವಳು ಅವಳು.

"ನಾನೇ ಸಾರ್," ಎಂದಳು. "ನಾನು ಚಿಕ್ಕೋಳಿದ್ದಾಗ ಇವಳಿಗೆ ಮುಖ ಇತ್ತು. ಚೆನ್ನಾಗಿ ನೆನಪಿದೆ. ಮೂಗು ಸ್ವಲ್ಪ ಸೊಟ್ಟ."

ಆಮೇಲೂ ಅವಳು ಚರ್ಚಿಗೆ ಬಂದಳು, ಹೂ ಜೋಡಿಸಿದಳು, ಬೆಂಚು ಒರೆಸಿದಳು. ಆ ಕಲ್ಲಿನ ಹತ್ತಿರ ಸುಳಿಯಲಿಲ್ಲ. ಪಾಪ, ಮನೆಯ ಬಾಗಿಲಿನ ಹಿತ್ತಾಳೆ ಹಿಡಿಯನ್ನೂ ಕಪ್ಪಾಗಲು ಬಿಟ್ಟಳು.

*

"ಒಪ್ಕೊಂಡ್ಲು," ಎಂದ ಸೆಡ್ರಿಕ್. "ಈಗ ಇದು ನೋಡಿ. ಅವರಮ್ಮನ ಶಾಲು ಹೊದಿಸಿ ಕಳಿಸು ಅಂದಿದ್ಲು. ಅದಕ್ಕೆ ಅಟ್ಟದ ಟ್ರಂಕು ತೆಗೆದೆ. ತಳದಲ್ಲಿತ್ತು."

ಕೋಟಿನೊಳಗಿಂದ ಕಾಗದದ ಸುರುಳಿ ತೆಗೆದು ಹಿತ್ತಾಳೆಯ ಮೇಲೆ ಹಾಸಿದ. ಹಾಳೆಯನ್ನು ಹಿತ್ತಾಳೆಯ ಮೇಲಿಟ್ಟು ಕಪ್ಪು ಮೇಣದಿಂದ ಉಜ್ಜಿ ಅಚ್ಚು ತೆಗೆಯುವುದು ಅಲ್ಲಿನ ಮಕ್ಕಳ ರಜೆಯ ಆಟ. ಮೂಲೆಯಲ್ಲಿ ದುಂಡಗೆ ಬರೆದಿತ್ತು: ವಿನ್ನಿ, ಎಂಟು ವರ್ಷ.

ಮಿಸ್ ಥರ್ಲೋ ಕನ್ನಡಕ ಹಾಕಿಕೊಂಡು ಬಗ್ಗಿದಳು. ನೆರಿಗೆ, ನಾಯಿಮರಿ, ಮುಗಿದ ಕೈ ನಯವಾದ ಬಿಳಿ ಗೆರೆಗಳಲ್ಲಿ ಮೂಡಿದ್ದವು. ಮುಖದ ಜಾಗದಲ್ಲಿ ಅಚ್ಚಿನ ಗೆರೆಯೇ ಇಲ್ಲ, ಬರೀ ಕಪ್ಪು.

"ಆಗ್ಲೇ ಇರ್ಲಿಲ್ಲ," ಎಂದಳು ಮೆಲ್ಲಗೆ. "ಅವಳು ಪಾಲಿಶ್ ಮುಟ್ಟೋಕ್ ಮುಂಚೇನೇ ಇರ್ಲಿಲ್ಲ. ಮತ್ತೆ ಆ ಸೊಟ್ಟ ಮೂಗು?"

ಸೆಡ್ರಿಕ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಮಿಸ್ ಥರ್ಲೋ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಬಳಿ ಹೋಗಿ ಕೂತು, ಇತಿಹಾಸದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದರಲ್ಲೂ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕತೊಡಗಿದಳು.

ಜಮಖಾನ ಹಾಸದ ನೆಲದ ಮೇಲೆ ವಿನಿಫ್ರೆಡ್ ಬಂದಳು. ಪೆಟ್ಟಿಗೆಯ ಮೇಲೆ, ಹೂವಿನ ಪಕ್ಕದಲ್ಲಿ, ಸೆಡ್ರಿಕ್ ಆ ಕಾಗದವನ್ನು ಬಿಚ್ಚಿಟ್ಟ. ಕಪ್ಪು ಮುಖದಲ್ಲಿ, ಓರೆ ಬೆಳಕಿಗೆ ಮಾತ್ರ ಕಾಣುವಷ್ಟು ತೆಳ್ಳಗೆ, ಎಂಟು ವರ್ಷದ ಕೈಯೊಂದು ಹೇರ್‌ಪಿನ್ನಿನಿಂದ ಮೇಣ ಗೀರಿ ಒಂದು ದೊಡ್ಡ, ಒಂದು ಸಣ್ಣ ಕಣ್ಣು ಮಾಡಿತ್ತು. ಕಿವಿಯವರೆಗೂ ನಗು, ನಡುವೆ ಸೊಟ್ಟಗೊಂದು ಮೂಗು.