ಒಂದು ಗಂಟೆಯ ಕೆಲಸ

ಹದಿನೆಂಟು ವರ್ಷದ ಆ ಕಾರು ಬೀದಿಯ ತಿರುವಿಗೆ ಬಂತೆಂದರೆ, ಮೂರನೆಯ ಮಹಡಿಯಲ್ಲಿ ಹಲ್ಲುಜ್ಜುತ್ತಿದ್ದ ಕಾರ್ಖಾನೆ ಫಿಟ್ಟರ್ ಬಾಯಿ ಮುಕ್ಕಳಿಸಿ ಕೆಳಗಿಳಿಯುತ್ತಿದ್ದ. ಹಾರ್ನ್ ಹೊಡೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹಿಂದಿನ ಬಾಗಿಲು ಗಡಗಡ ಅನ್ನುತ್ತಿತ್ತು, ಕಿಟಕಿಯ ಗಾಜು ಚಳಿಜ್ವರ ಬಂದವರ ಹಲ್ಲಿನಂತೆ ಕಟಕಟ ಅನ್ನುತ್ತಿತ್ತು, ಬ್ರೇಕ್ ಒತ್ತಿದರೆ ಎಲ್ಲೋ ಕೆಳಗಿನಿಂದ ಒಂದು ನರಳಾಟ. ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ, ನರಳದೆ ಹಾಡೀತೇ?

ಅದರ ಯಜಮಾನ ಕಾಗದದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಊರಿನಿಂದ ಕಾರ್ಖಾನೆಗೆ ಐವತ್ತೆರಡು ಕಿಲೋಮೀಟರ್, ವಾಪಸ್ ಅಷ್ಟೇ. ಅವನ ಅಡ್ಡಹೆಸರು ‘ನೋಡೋಣ’. ಬೋಲ್ಟ್ ಕೇಳಿದರೂ ನೋಡೋಣ, ಕೈಗವಸು ಕೇಳಿದರೂ ನೋಡೋಣ, ಸ್ಟೋರ್‌ರೂಮಿನ ಬಲ್ಬ್ ಬದಲಿಸಿ ಎಂದರೂ ನೋಡೋಣ. ಹೆಸರಿಟ್ಟ ಪುಣ್ಯಾತ್ಮ ಇದೇ ಫಿಟ್ಟರ್. ಮುಂದಿನ ಸೀಟಿನಲ್ಲಿ ಅವನು, ಹಿಂದೆ ಕಾರ್ಖಾನೆಯ ದವಾಖಾನೆಯ ನರ್ಸಮ್ಮ ಮತ್ತು ಕಾರ್ಖಾನೆ ಶಾಲೆಯ ಲೆಕ್ಕದ ಮೇಷ್ಟ್ರು. ಏಳು ವರ್ಷದಿಂದ ಇದೇ ನಾಲ್ವರು.

ಆ ಗಾಡಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವಂತಿರಲಿಲ್ಲ. ಮಾತಾಡದೆ ಇರುವಂತೆಯೂ ಇರಲಿಲ್ಲ. ಆ ಕುಲುಕಾಟದಲ್ಲಿ ಕಣ್ಣು ಮುಚ್ಚಿದರೆ ತಲೆ ಹೋಗಿ ಗಾಜಿಗೆ ಬಡಿಯುತ್ತಿತ್ತು. ನಿದ್ದೆ ಬಾರದ ನಾಲ್ಕು ಜನ ಒಂದೂಕಾಲು ಗಂಟೆ ಇನ್ನೇನು ಮಾಡಬೇಕು? ಕಿರುಚುತ್ತಿದ್ದರು.

‘ಮೇಷ್ಟ್ರೇ, ನಿಮ್ಮ ಸೊಸೆ ಬಂದ್ರಂತೆ?’

‘ಆಂ? ಬಸ್ಸು ಬಂತಾ?’

‘ಸೊಸೆ, ಸೊಸೆ!’ ಎಂದು ನರ್ಸಮ್ಮ ಅವರ ಕಿವಿಗೇ ಬಾಯಿಟ್ಟು ಕೂಗಿದರೆ, ಮೇಷ್ಟ್ರು ‘ಬಂದಿದ್ದಾಳಮ್ಮ, ಬಂದು ನನ್ನ ಕುರ್ಚಿಲಿ ಕೂತಿದ್ದಾಳೆ’ ಎನ್ನುತ್ತಿದ್ದರು. ಸ್ಟೋರ್‌ಕೀಪರ್ ಸ್ಟೀರಿಂಗ್ ಮೇಲೆ ಬಗ್ಗಿ ನಗುತ್ತಿದ್ದ. ಫಿಟ್ಟರ್ ಹೇಳುತ್ತಿದ್ದ: ‘ಅಣ್ಣ, ಈ ಗಾಡಿಗೆ ಒಂದು ಗತಿ ಕಾಣಿಸು.’ ‘ನೋಡೋಣ’ ಎಂದು ಉಳಿದ ಮೂವರೂ ಒಟ್ಟಿಗೆ ಉತ್ತರ ಕೊಡುತ್ತಿದ್ದರು. ದಿನಾ ಅದೇ ತಮಾಷೆ, ದಿನಾ ಅದೇ ನಗು.

ಈ ಗಲಾಟೆ ಸ್ಟೋರ್‌ಕೀಪರ್‌ಗೆ ಊಟದಷ್ಟೇ ಬೇಕಾಗಿತ್ತು, ಯಾಕೆಂದರೆ ಮನೆಯಲ್ಲಿ ಮಾತಿರಲಿಲ್ಲ. ಹೆಂಡತಿ ಅವನೊಡನೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಜಗಳವಿಲ್ಲ, ಪಾತ್ರೆ ಕುಕ್ಕುವುದಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಮೇಜಿನ ಮೇಲೆ ಬರುತ್ತಿತ್ತು, ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಬೆನ್ನಿಗೆ ಬರುತ್ತಿತ್ತು. ಹೇಳಲೇಬೇಕಾದದ್ದು ಇದ್ದರೆ ಚೀಟಿ ಬರೆದು ಸಕ್ಕರೆ ಡಬ್ಬಿಯ ಕೆಳಗೆ ಇಡುತ್ತಿದ್ದಳು. ‘ಅಡುಗೆಮನೆ ನಲ್ಲಿ ಸೋರುತ್ತಿದೆ.’ ‘ಕರೆಂಟ್ ಬಿಲ್ ಬಂದಿದೆ.’ ತಂಗಿ ಫೋನ್ ಮಾಡಿದರೆ ಅರ್ಧ ಗಂಟೆ ಮಾತಾಡುವಳು. ಇವನು ಕೋಣೆಗೆ ಕಾಲಿಟ್ಟರೆ ‘ಆಮೇಲೆ ಮಾಡ್ತೀನಿ ಕಣೆ’ ಎಂದು ಇಟ್ಟುಬಿಡುವಳು. ಆ ‘ಆಮೇಲೆ ಮಾಡ್ತೀನಿ’ಯನ್ನು ಕೇಳುವುದಕ್ಕಾದರೂ ಅವನು ಎಷ್ಟೋ ಸಲ ಬೇಕೆಂದೇ ಕೋಣೆಗೆ ಹೋಗಿದ್ದುಂಟು.

ಕಾರಣ ಅವರಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಒಬ್ಬಳೇ ಮಗಳು, ಒಂಬತ್ತು ವರ್ಷದವಳು. ಒಂದು ಸಂಜೆ ಹೊಟ್ಟೆನೋವು ಎಂದು ಮುದುಡಿ ಮಲಗಿದಳು. ಅವನು ಏಳು ಗಂಟೆಗೆ ಕಾರ್ಖಾನೆಯಿಂದ ಬಂದ. ಡ್ರೈವರ್ ಸೀಟಿನ ಸ್ಪ್ರಿಂಗ್ ಮುರಿದು ತಿಂಗಳುಗಟ್ಟಲೆ ಆಗಿತ್ತು, ಟವೆಲ್ ಮಡಿಸಿ ಹಾಕಿಕೊಂಡು ಓಡಿಸುತ್ತಿದ್ದ. ಅಂದು ಬೆನ್ನು ಎಷ್ಟು ಹಿಡಿದುಕೊಂಡಿತ್ತೆಂದರೆ, ಬಾಗಿಲು ಹಿಡಿದುಕೊಂಡೇ ಕಾರಿನಿಂದ ಇಳಿದಿದ್ದ.

‘ಆಸ್ಪತ್ರೆಗೆ ಹೋಗೋಣ ರೀ, ಮಗು ಮೈ ಸುಡ್ತಿದೆ’ ಎಂದಳು ಹೆಂಡತಿ.

ಅವನು ನೆಲದ ಮೇಲೆ ಅಂಗಾತ ಮಲಗಿದ್ದ. ‘ಮತ್ತೆ ಆ ಸೀಟಲ್ಲಿ ಕೂರೋಕೆ ನನ್ನ ಕೈಲಾಗಲ್ಲ ಕಣೆ. ಬೆಳಿಗ್ಗೆ ನೋಡೋಣ’ ಎಂದ.

ಟ್ಯಾಕ್ಸಿ ಕರೆಯಬಹುದಿತ್ತು, ಪಕ್ಕದ ಮನೆಯವರ ಬಾಗಿಲು ತಟ್ಟಬಹುದಿತ್ತು. ಅದೆಲ್ಲ ಆಮೇಲೆ ಹೊಳೆದದ್ದು. ಅವಳೂ ಅಂದು ಅಷ್ಟು ಹಟ ಹಿಡಿಯಲಿಲ್ಲ. ಬೆಳಿಗ್ಗೆ ಹೊರಟರು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ತಲೆಯಿಟ್ಟ ಮಗು ಒಂದೊಂದು ಗುಂಡಿಗೂ ಚೀರಿತು. ‘ಮೆಲ್ಲಗಪ್ಪಾ, ಮೆಲ್ಲಗೆ’ ಅಂದಿತು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ನಂಜಾಗಿದೆ, ನಿನ್ನೆ ಸಂಜೆಯೇ ಕರೆತರಬೇಕಿತ್ತು ಎಂದರು ಡಾಕ್ಟರು. ಮೂರನೆಯ ದಿನ ಮಗು ಹೋಯಿತು.

ಆಮೇಲೂ ಅವನು ಸೀಟು ಸರಿ ಮಾಡಿಸಲಿಲ್ಲ. ಈ ಸಲ ಅದು ಸೋಮಾರಿತನವಲ್ಲ. ಚುಚ್ಚುವಷ್ಟು ದಿನ ಚುಚ್ಚಲಿ ಎಂದು ಟವೆಲನ್ನೂ ತೆಗೆದೆಸೆದು ಅದರ ಮೇಲೇ ಕೂತ.

ಹೀಗಿರುವಾಗ ಕಾರ್ಖಾನೆಯ ಗೇಟಿನಲ್ಲಿ ಒಂದು ನೋಟಿಸ್ ಅಂಟಿಸಿದರು. ಮುಂದಿನ ತಿಂಗಳಿಂದ ಊರಿನಿಂದ ನೌಕರರಿಗೆ ಬಸ್ಸು. ಹವಾನಿಯಂತ್ರಿತ, ಹಿಂದಕ್ಕೆ ಒರಗುವ ಸೀಟು. ಬೇಕಾದವರು ಹೆಸರು ಕೊಡಿ.

ಅಂದು ಸಂಜೆ ಕಾರಿನಲ್ಲಿ ಯಾರೂ ಬಸ್ಸಿನ ಸುದ್ದಿ ಎತ್ತಲಿಲ್ಲ. ಎತ್ತಲಿಲ್ಲ ಎಂಬುದರಿಂದಲೇ ಅವನಿಗೆ ಗೊತ್ತಾಯಿತು. ಕೊನೆಗೆ ನರ್ಸಮ್ಮನೇ, ‘ತಪ್ಪು ತಿಳ್ಕೋಬೇಡಿ ಅಣ್ಣ, ನನ್ನ ಸೊಂಟ ಬಿದ್ದುಹೋಗಿದೆ. ಹೆಸರು ಕೊಟ್ಟಿದ್ದೀನಿ’ ಎಂದು ಕೂಗಿ ಹೇಳಿದಳು. ಮೇಷ್ಟ್ರು ಕಿಟಕಿಯ ಹೊರಗೆ ನೋಡಿದರು. ಫಿಟ್ಟರ್ ತನ್ನ ಬೂಟು ನೋಡಿಕೊಂಡ.

‘ಹದಿನೈದು ದಿನ ಟೈಮ್ ಕೊಡಿ. ಗಾಡಿ ಸರಿ ಮಾಡಿಸ್ತೀನಿ’ ಎಂದ ಸ್ಟೋರ್‌ಕೀಪರ್.

ಯಾರೂ ನಗಲಿಲ್ಲ. ಅವನ ಬಾಯಲ್ಲಿ ‘ನೋಡೋಣ’ ಬಾರದ್ದನ್ನು ಏಳು ವರ್ಷದಲ್ಲಿ ಮೊದಲ ಸಲ ಕೇಳಿದ್ದರು. ಈ ಮೂವರೂ ಬಸ್ಸು ಹತ್ತಿದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಮನೆಯಂತೆಯೇ ಆಗುತ್ತದೆ, ಆಮೇಲೆ ತಾನು ಬದುಕುವುದು ಹೇಗೆ ಎಂಬ ದಿಗಿಲು ಅವನಿಗೆ.

ಗಾಡಿ ಮೆಕ್ಯಾನಿಕ್ ಕೈಗೆ ಹೋಯಿತು. ಅವನು ಕೆಳಗೆ ನುಸುಳಿ, ಟಾರ್ಚ್ ಬಿಟ್ಟು ನೋಡಿ, ಈಚೆ ಬಂದು ಕೈ ಒರೆಸಿಕೊಂಡ. ‘ಇದು ಓಡ್ತಿರೋದು ನಿಮ್ಮ ಪುಣ್ಯದಿಂದ, ಇಂಜಿನ್ನಿಂದ ಅಲ್ಲ.’ ನಾಲ್ಕು ಶಾಕ್ ಅಬ್ಸಾರ್ಬರ್‌ಗಳೂ ಎಣ್ಣೆ ಕಾರಿ ಸತ್ತಿದ್ದವು. ಇಂಜಿನ್ ಕೂರುವ ರಬ್ಬರ್ ಹರಿದು ಹೋಗಿ, ಅದರ ನಡುಕವೆಲ್ಲ ಸ್ಟೀರಿಂಗಿಗೆ ಬರುತ್ತಿತ್ತು. ಅದನ್ನೆಲ್ಲ ಬದಲಿಸಿದ. ಬಾಗಿಲುಗಳಿಗೆ ಹೊಸ ರಬ್ಬರ್ ಪಟ್ಟಿ ಎಳೆದ. ನೆಲದ ಚಾಪೆ ಎತ್ತಿ, ಬಾಗಿಲ ಹೊಟ್ಟೆ ಬಿಚ್ಚಿ, ಸದ್ದು ನುಂಗುವ ದಪ್ಪ ಕಪ್ಪು ಹಾಳೆ ಅಂಟಿಸಿದ. ಟೈರಿಗೆ ಗಾಳಿ ಎಷ್ಟಿರಬೇಕು ಎಂಬುದನ್ನು ಮುಂದಿನ ಬಾಗಿಲ ಒಳಗೇ ಬರೆದಿರುತ್ತಾರೆ ಎಂದು ತೋರಿಸಿದಾಗ ಸ್ಟೋರ್‌ಕೀಪರ್‌ಗೆ ನಾಚಿಕೆಯಾಯಿತು. ಇಷ್ಟು ವರ್ಷ ಕಲ್ಲಿನ ಹಾಗೆ ತುಂಬಿಸಿಕೊಂಡು ಓಡಿಸಿದ್ದ.

ಉಳಿದದ್ದು ಸೀಟು. ಸೀಟು ಹೊಲಿಯುವವನ ಅಂಗಡಿ ಹಿಂದಿನ ಬೀದಿಯಲ್ಲಿತ್ತು. ನೆಲದ ತುಂಬ ಫೋಮಿನ ಚೂರು, ಗೋಡೆಗೆ ಆನಿಸಿದ ರೆಕ್ಸಿನ್ ಸುರುಳಿಗಳು. ಮುದುಕ ಹಿಂದಿನ ಸೀಟುಗಳಿಗೆ ಹೊಸ ಫೋಮ್ ಹಾಕಿ ಮುಗಿಸಿ, ಡ್ರೈವರ್ ಸೀಟಿನ ಹೊದಿಕೆ ಸುಲಿದ. ಮುರಿದ ತಂತಿ ಗಾಳದಂತೆ ಮೇಲಕ್ಕೆ ನಿಂತಿತ್ತು.

‘ಇದರ ಮೇಲೆ ಎಷ್ಟು ದಿನದಿಂದ ಕೂತಿದ್ದೀರಿ?’

‘ನಾಲ್ಕು ವರ್ಷದ ಹತ್ತಿರ ಆಯ್ತು.’

‘ಮನುಷ್ಯ ಕೂರೋದಾ ಇದು? ಇದರಲ್ಲಿ ಹೋಗಿ ಬಂದೋನು ಸಂಜೆ ನೆಟ್ಟಗೆ ನಿಲ್ಲೋಕಾಗುತ್ತಾ?’ ಮುದುಕ ಸೂಜಿಯನ್ನು ತುಟಿಗೆ ಕಚ್ಚಿಕೊಂಡು ತಂತಿಯನ್ನು ಮೀಟಿ ನೋಡಿದ. ‘ಹೋಗಿ ಚಹಾ ಕುಡಿದು ಬನ್ನಿ. ಒಂದು ಗಂಟೆ ಕೆಲಸ.’

ಎದುರಿನ ಚಹಾ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಅವನು ಕೂತಾಗ ನಾಲ್ಕು ಹತ್ತು. ಚಹಾ ಬಂತು, ಕೆನೆ ಕಟ್ಟಿತು, ಆರಿತು. ಅವನು ಗಡಿಯಾರ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಐದು ಐದಕ್ಕೆ ಮುದುಕ ಅಲ್ಲಿಂದಲೇ ಕೈ ಬೀಸಿ ಕರೆದ. ಒಂದು ಗಂಟೆಯೂ ಹಿಡಿದಿರಲಿಲ್ಲ. ಯಾವುದೋ ಒಂದು ಭಾನುವಾರ ಇಲ್ಲಿಗೆ ಬಂದು ಈ ಬೆಂಚಿನ ಮೇಲೆ ಕೂತು ಎದ್ದಿದ್ದರೆ ಸಾಕಿತ್ತು. ಮಗಳಿಗೆ ಈಗ ಹನ್ನೆರಡು ತುಂಬಿರುತ್ತಿತ್ತು. ಅವನು ಎದ್ದು ಹೋಗಿ ಹೊಸ ಸೀಟಿನಲ್ಲಿ ಕೂತ. ಎಲ್ಲೂ ಚುಚ್ಚಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ.

ಸೋಮವಾರ ಫಿಟ್ಟರ್‌ಗಾಗಿ ಹಾರ್ನ್ ಹೊಡೆಯಬೇಕಾಯಿತು.

ಮೂವರೂ ಹತ್ತಿ ಕೂತು ಮುಟ್ಟಿ ಮುಟ್ಟಿ ನೋಡಿದರು. ‘ಅಯ್ಯೋ, ಸೋಫಾ ಕಣ್ರೀ ಇದು’ ಎಂದಳು ನರ್ಸಮ್ಮ. ‘ನೋಡೋಣ ಅವರೇ, ನಿಮ್ಮ ಹೆಸರು ಬದಲಾಯಿಸಬೇಕು’ ಎಂದರು ಮೇಷ್ಟ್ರು, ಕೂಗದೆ, ಮೆಲ್ಲಗೆ. ಅದು ಕೇಳಿಸಿತು. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ. ಮೇಷ್ಟ್ರು ಸೊಸೆಯ ಹೊಸ ಕಥೆ ಶುರುಮಾಡಿದರು. ‘ನಿನ್ನೆ ಏನಾಯ್ತು ಅಂದ್ರೆ, ಅಡುಗೆಮನೇಲಿ…’ ಎಂದರು. ಮುಂದಿನದು ಬರಲೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಬಾಯಿ ಅರ್ಧ ತೆರೆದು ನಿದ್ದೆಹೋಗಿದ್ದರು. ನರ್ಸಮ್ಮ ಚೀಲವನ್ನು ಅಪ್ಪಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಫಿಟ್ಟರ್ ‘ಹ್ಞೂಂ ಅಣ್ಣ, ಹ್ಞೂಂ’ ಎನ್ನುತ್ತ ಇನ್ನೂ ಎರಡು ಕಿಲೋಮೀಟರ್ ಎಳೆದ.

ಮೊದಲ ದಿನ, ಪಾಪ, ದಣಿದಿದ್ದಾರೆ ಅಂದುಕೊಂಡ. ಎರಡನೆಯ ದಿನವೂ ಅದೇ. ಸಂಜೆ ಬರುವಾಗಲೂ ಅದೇ. ವಾರ ಕಳೆಯುವಷ್ಟರಲ್ಲಿ ನರ್ಸಮ್ಮ ಕುತ್ತಿಗೆಗೆ ಪುಟ್ಟ ದಿಂಬು ತಂದಳು, ಮೇಷ್ಟ್ರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡೇ ಹತ್ತತೊಡಗಿದರು. ಮೂವರೂ ಬಸ್ಸಿನ ಪಟ್ಟಿಯಿಂದ ಹೆಸರು ವಾಪಸ್ ತೆಗೆದುಕೊಂಡರು. ಅವನು ಗೆದ್ದಿದ್ದ. ಐವತ್ತೆರಡು ಕಿಲೋಮೀಟರ್ ಉದ್ದಕ್ಕೂ ಟೈರಿನ ಸಣ್ಣ ಗುಂಯ್‌ಗುಟ್ಟುವಿಕೆ, ಮೂರು ಜನರ ಉಸಿರು. ಮನೆಯದೇ ಮೌನ ಚಕ್ರ ಹಾಕಿಕೊಂಡು ರಸ್ತೆಗೆ ಬಂದಿತ್ತು.

ಒಂದು ಬೆಳಿಗ್ಗೆ ತಾಳಲಾರದೆ ಗುಂಡಿ ಹುಡುಕಿ ಹುಡುಕಿ ಗಾಡಿ ಇಳಿಸಿದ. ಹೊಸ ಶಾಕ್ ಅಬ್ಸಾರ್ಬರ್ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೇಷ್ಟ್ರ ತಲೆ ಈ ಭುಜದಿಂದ ಆ ಭುಜಕ್ಕೆ ಹೊರಳಿತು, ಅಷ್ಟೇ.

ಆ ಶುಕ್ರವಾರ ಸಕ್ಕರೆ ಡಬ್ಬಿಯ ಕೆಳಗೆ ಚೀಟಿಯಿತ್ತು. ‘ನಾಳೆ ಹತ್ತು ಗಂಟೆಗೆ ಕಣ್ಣಿನ ಡಾಕ್ಟರು. ತಂಗಿ ಊರಲ್ಲಿಲ್ಲ. ಕಣ್ಣಿಗೆ ಹನಿ ಹಾಕಿದರೆ ಒಬ್ಬಳೇ ಬರಲು ಆಗುವುದಿಲ್ಲ.’

ನಾಲ್ಕು ಸಲ ಓದಿದ. ಮಗು ಹೋದ ಮೇಲೆ ಅವಳು ಆ ಕಾರು ಹತ್ತಿರಲಿಲ್ಲ. ಅವನು ಬೆಳಿಗ್ಗೆ ಬೇಗನೆದ್ದು ಗಾಜು ಒರೆಸಿದ, ನರ್ಸಮ್ಮನ ದಿಂಬು ತೆಗೆದು ಡಿಕ್ಕಿಯಲ್ಲಿಟ್ಟ. ಈಗ ಗಾಡಿಯಲ್ಲಿ ಪಿಸುಮಾತೂ ಕೇಳುತ್ತದಲ್ಲ, ಒಂದು ಮಾತು ಆಡಿಯಾಳು ಎಂಬ ಆಸೆ. ಬೈದರೂ ಸರಿ. ಬೈದರೆ ಇನ್ನೂ ಒಳ್ಳೆಯದು.

ಅವಳು ಮುಂದೆ ಕೂರಲಿಲ್ಲ. ಹಿಂದಿನ ಬಾಗಿಲು ತೆಗೆದು, ಅಂದು ಕೂತ ಕಡೆಯೇ ಕೂತಳು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಅದೇ ಆಸ್ಪತ್ರೆಗೆ ಅದೇ ರಸ್ತೆ. ಡಾಂಬರು ಕಿತ್ತು ಹೋದ ಅದೇ ತಿರುವು, ಅದೇ ಉಬ್ಬು, ಶಾಲೆಯ ಗೋಡೆಯ ಪಕ್ಕದ ಅದೇ ಗುಂಡಿಗಳು. ಕಾರು ಅವುಗಳ ಮೇಲೆಲ್ಲ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಿತು. ಕನ್ನಡಿಯಲ್ಲಿ ಅವನು ನೋಡಿದ. ಅವಳು ಒಂದೊಂದು ಗುಂಡಿ ಬರುವ ಮೊದಲೂ ಸೀಟಿನ ಅಂಚು ಹಿಡಿಯುತ್ತಿದ್ದಳು. ಏನೂ ಆಗುತ್ತಿರಲಿಲ್ಲ. ಕೈ ಬಿಡುತ್ತಿದ್ದಳು. ಮತ್ತೆ ಹಿಡಿಯುತ್ತಿದ್ದಳು.

ಆಸ್ಪತ್ರೆಯ ಗೇಟು ಕಂಡಾಗ ಅವಳು ಬಾಯಿ ಬಿಟ್ಟಳು.

‘ನಿಮ್ಮ ಸೀಟು ಸರಿ ಮಾಡೋಕೆ ಎಷ್ಟು ಹೊತ್ತು ಹಿಡೀತು?’

ಮೂರು ವರ್ಷದ ಮೇಲೆ ಅವಳ ದನಿ ಅವನ ಕಡೆಗೆ ಬಂದಿತ್ತು. ಎರಡು ದಿನ ಅನ್ನಬಹುದಿತ್ತು. ಒಂದು ವಾರ, ಬೇರೆ ಊರಿಂದ ಸಾಮಾನು ತರಿಸಬೇಕಾಯ್ತು ಅನ್ನಬಹುದಿತ್ತು. ಹಾಗಂದಿದ್ದರೆ ಬಹುಶಃ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಳು. ಆದರೆ ಅವಳ ಜೊತೆಗೆ ಸುಳ್ಳಿನಿಂದ ಮಾತು ಶುರುಮಾಡಲು ಅವನಿಗೆ ಮನಸ್ಸು ಬರಲಿಲ್ಲ.

‘ಒಂದು ಗಂಟೆ’ ಎಂದ.

‘ಒಂದು ಗಂಟೆ’ ಎಂದಳು ಅವಳು.

ಅವನು ಕಾದ. ಗೇಟಿನ ಕಾವಲುಗಾರ ಮುಂದೆ ಹೋಗಿ ಎಂದು ಕೈ ತೋರಿಸಿದ. ಅವಳು ಇಳಿದು, ಈಗ ಜೋರಾಗಿ ಎಳೆಯುವ ಅಗತ್ಯವಿಲ್ಲದ ಆ ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿ ಮುಚ್ಚಿದಳು. ವಾಪಸ್ ಬರುವಾಗ ಕಣ್ಣಿಗೆ ಕಪ್ಪು ಕನ್ನಡಕವಿತ್ತು. ಕಾರಿನಿಂದ ಇಳಿದು ಮನೆಯ ಮೆಟ್ಟಿಲು ಹತ್ತುವಾಗ ಅವನು ಕೈ ಚಾಚಿದ. ಅವಳು ಗೋಡೆ ಹಿಡಿದುಕೊಂಡು ಹೋದಳು. ಆ ದಿನ ತಂಗಿಯ ಫೋನೂ ಬರಲಿಲ್ಲ.

ಸೋಮವಾರ ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮೂವರೂ ಮಲಗಿದರು. ಅವನು ಹೇಳತೊಡಗಿದ. ಬೆನ್ನು ಹಿಡಿದದ್ದು, ನೆಲದ ಮೇಲೆ ಮಲಗಿದ್ದು, ತಾನು ಅಂದ ಮಾತು, ದಾರಿಯ ಗುಂಡಿಗಳು, ಚಹಾ ಅಂಗಡಿಯ ಗಡಿಯಾರ. ಯಾರಿಗೂ ಹೇಳದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಿದ. ಮೊದಮೊದಲು ಮೆಲ್ಲಗೆ, ಆಮೇಲೆ ಎಂದಿನಂತೆ ಕೂಗಿಯೇ ಹೇಳಿದ. ಯಾರಾದರೂ ಏಳಲಿ ಎಂದೇ ಕೂಗಿದ. ಯಾರೂ ಏಳಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಫಿಟ್ಟರ್ ಕಣ್ಣುಜ್ಜಿಕೊಂಡು ಇಳಿದ. ‘ಏನೋ ಅಂದಂಗಾಯ್ತು, ಅಣ್ಣ?’

‘ಏನಿಲ್ಲ.’

‘ಕಾರು ಅಂದ್ರೆ ಇದು ನೋಡು’ ಎಂದು ಫಿಟ್ಟರ್ ಬಾನೆಟ್ ತಟ್ಟಿದ. ‘ಒಂದೇ ಒಂದು ಸದ್ದಿಲ್ಲ.’