ಮಗ್ಗ ನಿಂತ ಹೊತ್ತು

ಸೌಂದರ್ಯಾಳಿಗೆ ಸದ್ದಿನ ಭಯ ಇರಲಿಲ್ಲ, ಸದ್ದು ನಿಲ್ಲುವುದರ ಭಯ ಇತ್ತು. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹುಟ್ಟಿದವಳು. ತೊಟ್ಟಿಲಲ್ಲಿದ್ದಾಗಿನಿಂದ ಪಾವರ್‌ಲೂಮಿನ ಖಟಖಟ ಕೇಳಿಕೊಂಡೇ ನಿದ್ದೆ ಮಾಡಿದವಳು. ಆ ಓಣಿಯಲ್ಲಿ ಕರೆಂಟು ಹೋಗಿ ಮಗ್ಗ ನಿಂತರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕರೆಂಟಿನವರನ್ನು ಬೈಯುತ್ತ ಗಂಡಸರೆಲ್ಲ ಚಹಾದಂಗಡಿಗೆ ಹೋಗುತ್ತಾರೆ. ಆದರೆ ಕರೆಂಟು ಇದ್ದೂ ಒಂದರ ಹಿಂದೊಂದು ಮಗ್ಗ ನಿಂತವೆಂದರೆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಹೆಣ ಎತ್ತುವ ತನಕ ಯಾರೂ ಮೋಟರು ಹಚ್ಚುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಊಟಕ್ಕೆಂದು ಓಡಿ ಬರುತ್ತಿದ್ದಳು. ಓಣಿಯ ತಿರುವಿನಲ್ಲೇ ಕಾಲುಗಳು ತಾವಾಗಿಯೇ ನಿಂತವು. ತನ್ನ ಚಪ್ಪಲಿಯ ಸಪ್ಪಳ ತನಗೇ ಕೇಳುತ್ತಿತ್ತು. ಬೆಳಿಗ್ಗೆ ಜಡೆ ಹಾಕಿ ಕಳಿಸಿದ್ದ ಅಜ್ಜಿ ಅನಸವ್ವನ ಹೆಣವನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಂದಿನಿಂದ ಯಾವ ಜಾಗವಾದರೂ ಒಮ್ಮೆಲೇ ಸ್ತಬ್ಧವಾದರೆ ಸಾಕು, ಅವಳ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ, ಅಂಗೈ ಬೆವರುತ್ತದೆ, ಯಾರೋ ಸತ್ತರು ಅನಿಸುತ್ತದೆ.

ಇಂಥವಳು ಹೋಗಿ ಸೇರಿದ್ದು ಎಲ್ಲಿಗೆ ಅಂದರೆ, ಸುಮ್ಮನೆ ಕೂರುವುದನ್ನೇ ಕಸುಬು ಮಾಡಿಕೊಂಡ ಗುಂಪಿಗೆ! ಜಮಖಂಡಿಯ ಕಾಲೇಜಿನಲ್ಲಿ ಹುಡುಗ ಹುಡುಗಿಯರು ಕಟ್ಟಿಕೊಂಡ ಬಳಗ ಅದು, ಹೆಸರು ‘ಅರಿವು’. ಅಂತಿಮ ವರ್ಷದ ವೈಶಾಲಿ ಅದರ ಮುಂದಾಳು. ಪರೀಕ್ಷೆಯ ಕೋಣೆಯಲ್ಲಿ ಸೌಂದರ್ಯಾ ಬೆವತು ನಡುಗುವುದನ್ನು ನೋಡಿ, ಕೈಹಿಡಿದು ಕರೆತಂದವಳೂ ಅವಳೇ. ಶನಿವಾರ ತರಗತಿ ಮುಗಿದ ಮೇಲೆ ಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಫೋನು ಬಂದ್ ಮಾಡಿ ಬುಟ್ಟಿಗೆ ಹಾಕಿ, ಜಮಖಾನೆಯ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. ಉಳಿದವರಿಗೆ ಹಾಯೆನಿಸುತ್ತಿತ್ತು. ಸೌಂದರ್ಯಾ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು.

“ಅಂಜಿಕಿ ಬಂದ್ರ ಬರ್ಲಿ, ಓಡಿ ಹೋಗಬ್ಯಾಡ. ಉಸಿರಿನ ಮ್ಯಾಲ ಲಕ್ಷ್ಯ ಇಡು,” ಎನ್ನುತ್ತಿದ್ದಳು ವೈಶಾಲಿ. “ಮನ್ಯಾಗೂ ದಿನಾ ಸ್ವಲ್ಪ ಹೊತ್ತು ಕುಂದರು.”

ಮನೆಯಲ್ಲಿ! ಪಡಸಾಲೆಗೆ ಒಂದೇ ಗೋಡೆ ಆಚೆ ಅಪ್ಪ ಹೊಳಬಸಪ್ಪನ ಮಗ್ಗಗಳು. ಅಪ್ಪ ಉಣ್ಣಲು ಬಂದಾಗಲೂ ಅವು ಓಡುತ್ತಲೇ ಇರುತ್ತಿದ್ದವು, ರಾತ್ರಿ ಅವನು ಮಲಗುವುದೂ ಅವುಗಳ ಪಕ್ಕದಲ್ಲೇ. ಒಂದು ಶುಕ್ರವಾರ ಸೌಂದರ್ಯಾ ಧ್ಯಾನಕ್ಕೆ ಕೂರಲು ಹೋಗಿ, ಆ ಸದ್ದಿನಲ್ಲಿ ತನ್ನ ಉಸಿರು ತನಗೇ ಕೇಳಿಸದೆ, ಸಿಟ್ಟು ನೆತ್ತಿಗೇರಿ ಬಾಗಿಲಲ್ಲಿ ನಿಂತು ಕೂಗಿದ್ದಳು.

“ಅಪ್ಪಾ, ಒಮ್ಮೆರ ಅದನ್ನ ಬಂದ್ ಮಾಡು. ಸಾಕಾಗೇತಿ ನನಗ.”

ಅಪ್ಪ ಕೈಗಂಟಿದ ಎಣ್ಣೆಯನ್ನು ಅರಿವೆಗೆ ಒರೆಸಿಕೊಳ್ಳುತ್ತ ಮಗಳ ಮುಖ ನೋಡಿದ, ಅಷ್ಟೆ. ಮರುದಿನ ಬೆಳಿಗ್ಗೆ ಅವಳು ಅವನೊಡನೆ ಮಾತಾಡದೆಯೇ ಬಸ್ಸು ಹತ್ತಿದ್ದಳು.

ಆ ಶನಿವಾರ ಕೂಟ ಮುಗಿದು ಬುಟ್ಟಿಯಿಂದ ಫೋನು ತೆಗೆದು ಚಾಲೂ ಮಾಡಿದಾಗ ಅವ್ವ ಶಿವವ್ವ ಮೇಲಿಂದ ಮೇಲೆ ಕರೆ ಮಾಡಿದ್ದು ಗೊತ್ತಾಯಿತು. ಸೌಂದರ್ಯಾ ಕೂಡಲೇ ತಿರುಗಿ ಹಚ್ಚಿದಳು.

“ಲಗೂನ ಮನಿಗೆ ಬಾ,” ಎಂದಳು ಅವ್ವ. “ದಾರ್‍ಯಾಗ ಎಲ್ಲೂ ನಿಂದರಬ್ಯಾಡ.”

“ಯಾಕಬೇ, ಏನಾತು?”

“ಬಾ ನೀ. ಬಂದ ಮ್ಯಾಲ ಗೊತ್ತಾಕ್ಕೈತಿ.”

ಫೋನು ಇಟ್ಟ ಮೇಲೆ ಸೌಂದರ್ಯಾಳಿಗೆ ಹೊಳೆಯಿತು. ಅವ್ವ ಫೋನಿನಲ್ಲಿ ಯಾವಾಗಲೂ ಗಂಟಲು ಹರಿಯುವಂತೆ ಕೂಗುತ್ತಾಳೆ, ಮಗ್ಗದ ಸದ್ದಿಗೆ ಕೂಗಲೇಬೇಕು. ಇಂದು ಮೆಲ್ಲಗೆ ಮಾತಾಡಿದ್ದಳು. ಅವಳ ದನಿಯ ಹಿಂದೆ ಏನೂ ಇರಲಿಲ್ಲ.

ಪಕ್ಕದ ಮನೆಯ ಗೆಳತಿ ಶ್ರೀದೇವಿಗೆ ಫೋನು ಮಾಡಿ, “ಓಣ್ಯಾಗ ಕರೆಂಟ್ ಐತೇನು?” ಎಂದಳು.

“ಐತಲ್ಲ,” ಎಂದಳು ಶ್ರೀದೇವಿ. “ನಾ ರಬಕವಿಗೆ ಬಂದೇನಿ, ಮನ್ಯಾಗ ನಮ್ಮ ತಮ್ಮ ಈಗರ ಟೀವಿ ನೋಡಾಕತ್ತಾನಂತ. ಯಾಕ?”

ಸೌಂದರ್ಯಾ ಅಪ್ಪನ ನಂಬರಿಗೆ ಹಚ್ಚಿದಳು. ಎತ್ತಲಿಲ್ಲ. ಅಪ್ಪನ ಫೋನು ಗೂಟಕ್ಕೆ ತೂಗುಹಾಕಿದ ಅಂಗಿಯ ಜೇಬಿನಲ್ಲಿರುತ್ತದೆ, ಅವನಿಗದು ಎಂದೂ ಕೇಳಿಸುವುದಿಲ್ಲ. ಇದೇನು ಹೊಸತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮನಸ್ಸು ಒಪ್ಪಲಿಲ್ಲ.

ಬನಹಟ್ಟಿಯ ಮೇಲೆ ಹೋಗುವ ತೇರದಾಳದ ಬಸ್ಸು ಸಿಕ್ಕಿತು. ಹತ್ತಿ ಕೂತವಳಿಗೆ ಕೂರಲಾಗಲಿಲ್ಲ, ಎದ್ದು ಬಾಗಿಲ ಬಳಿ ಕಂಬ ಹಿಡಿದು ನಿಂತಳು. ಹುನ್ನೂರ ದಾಟುವಾಗ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಕೊಡದೆ ಸತಾಯಿಸಿದವು. ‘ಬಂದ್ ಮಾಡು ಅಂದೆ. ಬಂದಾಯಿತು.’ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಅಂದದ್ದು ಮಗ್ಗಕ್ಕೆ, ಅಪ್ಪನಿಗಲ್ಲ. ಆದರೆ ಅಪ್ಪನಿಗೂ ಮಗ್ಗಕ್ಕೂ ಆ ಮನೆಯಲ್ಲಿ ಯಾರು ಬೇರೆ ಬೇರೆ ಲೆಕ್ಕ ಇಟ್ಟಿದ್ದರು? ಅವನು ಇತ್ತೀಚೆಗೆ ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಡುತ್ತಿದ್ದದ್ದು ನೆನಪಾಯಿತು. ಊಟ ಅರ್ಧಕ್ಕೆ ಬಿಡುತ್ತಿದ್ದದ್ದು ನೆನಪಾಯಿತು. ಆಗ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಹತ್ತದ ಸಂಗತಿಗಳೆಲ್ಲ ಈಗ ಬಂದು ಎದುರು ನಿಂತವು. ವೈಶಾಲಿ ಹೇಳಿಕೊಟ್ಟಂತೆ ಉಸಿರಿನ ಮೇಲೆ ಲಕ್ಷ್ಯ ಇಡಲು ನೋಡಿದಳು. ಲಕ್ಷ್ಯ ನಿಲ್ಲಲಿಲ್ಲ.

ಓಣಿಯ ತಿರುವಿಗೆ ಬಂದಾಗ ತನ್ನ ಚಪ್ಪಲಿಯ ಸಪ್ಪಳ ತನಗೇ ಕೇಳಿಸಿತು.

ಒಂದು ಮಗ್ಗವೂ ಓಡುತ್ತಿರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಅವಳ ಮನೆಯ ಮುಂದೆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ನೆರೆದಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು. ಆ ದಾರಿ ಬಿಟ್ಟದ್ದನ್ನು ನೋಡಿಯೇ ಅವಳು ಗೋಡೆ ಹಿಡಿದು ನಿಂತುಬಿಟ್ಟಳು. ಎದುರುಮನೆಯ ಗಿರಿಮಲ್ಲಪ್ಪ ಓಡಿಬಂದು ರಟ್ಟೆ ಹಿಡಿದ.

“ಕಾಕಾ, ನಮ್ಮಪ್ಪ…” ಎಂದಳು.

“ಒಳಗ ಅದಾನವಾ. ಯಾಕ ಹಿಂಗ ನಡಗಾಕತ್ತಿ?”

ಅಷ್ಟರಲ್ಲಿ ಹೊಳಬಸಪ್ಪನೇ ಹೊಸ್ತಿಲಿಗೆ ಬಂದ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ, ಒಗೆದ ಬನಿಯನ್ನು ಹಾಕಿಕೊಂಡಿದ್ದ. ಮಗಳಿಗೆ ಏನೋ ಹಬ್ಬದ ಉಡುಗೊರೆ ತಂದವನಂತೆ ಮುಖ ಅರಳಿತ್ತು.

“ಬಾ ಯವ್ವಾ. ಬಂದ್ ಮಾಡೇನಿ ನೋಡು. ಆಜೂಬಾಜೂದವರಿಗೂ ಹೇಳೇನಿ, ಎರಡು ತಾಸು ತಡೀರಿ, ನಮ್ಮ ಹುಡುಗಿ ಧ್ಯಾನಕ್ಕ ಕುಂದರ್ತಾಳ ಅಂತ.”

“ಹೇಳಿದ್ದು ನಮ್ಮ ನಾಕು ಮನಿಗೆ,” ಎಂದ ಗಿರಿಮಲ್ಲಪ್ಪ. “ಆ ಕಡಿ ಮಂದಿ ನಮ್ಮವು ನಿಂತದ್ದು ಕೇಳಿ ತಮ್ಮವನ್ನೂ ಬಂದ್ ಮಾಡಿ, ಯಾರು ಹೋದ್ರು ಅಂತ ಕೇಳಕೋಂತ ಬಂದಾರ. ಒಬ್ಬಾಂವ ಹೂವಿನ ಹಾರಾನೂ ತಂದಾನ.”

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಸೌಂದರ್ಯಾ ಹೊಸ್ತಿಲ ಮೇಲೆ ಕುಸಿದು ಕೂತು ಗಳಗಳ ಅತ್ತಳು. ಅಪ್ಪನ ಮೇಲೆ ಅವಳಿಗೆ ಹಿಂದೆಂದೂ ಬಾರದಷ್ಟು ಸಿಟ್ಟು ಬಂತು. ಅವನ ಕಾಲು ಹಿಡಿದುಕೊಳ್ಳಬೇಕು ಅಂತಲೂ ಅನಿಸಿತು. ಶಿವವ್ವ ಓಡಿಬಂದು ತಲೆ ಸವರಿದಳು. “ಹೇಳಬ್ಯಾಡ, ಬೆರಗಾಗ್ಲಿ ಅಂದ ನಿಮ್ಮಪ್ಪ. ನಂಗೇನ ಗೊತ್ತಬೇ ನೀ ಇಷ್ಟು ಹೆದರತಿ ಅಂತ?”

“ಅಳಬ್ಯಾಡ, ಎರಡು ತಾಸು ಮುಗದು ಹೋಗ್ತಾವ,” ಎಂದ ಹೊಳಬಸಪ್ಪ. “ಕುಂದರು ಬಾ. ನಂಗೂ ಹೇಳಿಕೊಡು.”

ಮಂದಿ ಬಾಗಿಲಾಚೆ ಸರಿದರು. ಅಪ್ಪ ಮಗಳು ಪಡಸಾಲೆಯಲ್ಲಿ ಎದುರುಬದುರು ಕೂತರು. ಶಿವವ್ವ ಗೋಡೆಗೆ ಒರಗಿ ಕೂತಳು. ಓಣಿಗೆ ಓಣಿಯೇ ತನಗಾಗಿ ಉಸಿರು ಬಿಗಿಹಿಡಿದು ಕೂತಿರುವಾಗ ಏಳುವುದು ಹೇಗೆ? ಸೌಂದರ್ಯಾ ಮೂಗು ಒರೆಸಿಕೊಂಡು ಕಣ್ಣು ಮುಚ್ಚಿದಳು.

“ಉಸಿರು ಹ್ಯಾಂಗ ಬರ್ತೈತಿ, ಹ್ಯಾಂಗ ಹೋಗ್ತೈತಿ, ಅಷ್ಟ ಕೇಳು ಅಪ್ಪಾ. ಬ್ಯಾರೆ ಏನೂ ಮಾಡಬ್ಯಾಡ.”

ಆ ಮನೆ ಅಷ್ಟು ಸ್ತಬ್ಧವಾಗಿದ್ದು ಅವಳ ನೆನಪಿನಲ್ಲಿ ಅಜ್ಜಿ ಹೋದ ದಿನ ಮಾತ್ರ. ಎದೆ ಹೊಡೆದುಕೊಳ್ಳತೊಡಗಿತು. ಓಡಿಹೋಗಬಾರದು ಎಂದು ಗಟ್ಟಿಯಾಗಿ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಸಣ್ಣ ಸೀಟಿಯಂಥ ಸದ್ದು ಕೇಳಿಸಿತು. ಒಲೆಯ ಮೇಲೆ ಏನೋ ಕುದಿಯುತ್ತಿದೆ ಅಂದುಕೊಂಡಳು. ಸದ್ದು ನಿಂತಿತು, ಮತ್ತೆ ಬಂತು. ಎಣ್ಣೆ ಕಾಣದ ಬಾಗಿಲನ್ನು ಯಾರೋ ಮೆಲ್ಲಗೆ ತೆರೆದು ಮುಚ್ಚಿದಂತೆ ಒಂದೇ ಲಯದಲ್ಲಿ ಬರುತ್ತಿತ್ತು, ಹೋಗುತ್ತಿತ್ತು. ಕಣ್ಣು ತೆರೆದಳು.

ಸದ್ದು ಅಪ್ಪನ ಎದೆಯಿಂದ ಬರುತ್ತಿತ್ತು.

ಅವನು ಮಾತ್ರ ಕಣ್ಣು ಮುಚ್ಚಿ, ಹೇಳಿದ ಪಾಠ ತಪ್ಪದ ಶಾಲೆಯ ಹುಡುಗನಂತೆ ನೆಟ್ಟಗೆ ಕೂತಿದ್ದ. ಉಸಿರು ಎಳೆದುಕೊಂಡಾಗೊಮ್ಮೆ ಕುತ್ತಿಗೆಯ ಬುಡದ ಕುಳಿ ಒಳಕ್ಕೆ ಹೋಗುತ್ತಿತ್ತು. ಸೌಂದರ್ಯಾ ಅವ್ವನ ಕಡೆ ತಿರುಗಿದಳು. ಶಿವವ್ವನ ಮುಖ ಬಿಳಿಚಿಕೊಂಡಿತ್ತು. ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡು ಮಲಗಿದವಳು, ಅವಳೂ ಅದನ್ನು ಕೇಳಿದ್ದು ಇದೇ ಮೊದಲು.

“ಅಪ್ಪಾ, ಇದು ಯಾವಾಗಿನಿಂದ?”

“ಯಾವುದು?” ಎಂದು ಕಣ್ಣು ತೆರೆದ ಹೊಳಬಸಪ್ಪ. ಮಗ್ಗದ ಸದ್ದಿನಲ್ಲಿ ಅರ್ಧ ಮಂದವಾದ ಅವನ ಕಿವಿಗೆ ತನ್ನ ಎದೆಯ ಸದ್ದು ಕೇಳಿಸಿರಲೇ ಇಲ್ಲ. “ಛಲೋ ಅನಿಸ್ತು ನೋಡು. ಸ್ವಲ್ಪ ಎದಿ ಬಿಗಿತೈತಿ, ಹತ್ತಿ ಅರಳಿಧೂಳು. ಎಲ್ಲಾ ನೇಕಾರರಿಗೂ ಇರ್ತೈತಿ.”

ಸೌಂದರ್ಯಾ ಎದ್ದು ಹೋಗಿ ಅವನ ಬೆನ್ನಿಗೆ ಕಿವಿ ಹಚ್ಚಿದಳು. ಒಳಗೆ ಸೀಟಿ ಇನ್ನೂ ಜೋರಾಗಿತ್ತು. ಬಸ್ಸಿನಲ್ಲಿ ಪಟ್ಟದ್ದು ಏನೂ ಅಲ್ಲ ಅನ್ನುವಷ್ಟು ಭಯ ಅವಳನ್ನು ಹಿಡಿಯಿತು. ಆದರೂ ಕಿವಿ ತೆಗೆಯಲಿಲ್ಲ.

ಹೊರಗಿನಿಂದ ಗಿರಿಮಲ್ಲಪ್ಪ ಕೂಗಿದ. “ಎರಡು ತಾಸು ಆತೇನಪಾ ಹೊಳಬಸಪ್ಪಾ? ಚಾಲೂ ಮಾಡೂನೇನು?”

“ಹೂಂ, ಮಾಡ್ರಿ,” ಎನ್ನುತ್ತ ಅವನು ಏಳಹೋದ. ಸೌಂದರ್ಯಾ ಅವನ ಭುಜ ಒತ್ತಿ ಕೂರಿಸಿದಳು.

“ಇನ್ನೂ ಬ್ಯಾಡ ಕಾಕಾ,” ಎಂದು ಬಾಗಿಲ ಕಡೆ ಕೂಗಿ ಹೇಳಿದಳು. “ಅವ್ವ ಇನ್ನೊಮ್ಮೆ ಕೇಳ್ಲಿ. ಅಪ್ಪಾ, ಉಸಿರು ತಗೋ.”

ಅಪ್ಪ ಉಸಿರು ತೆಗೆದುಕೊಂಡ. ಶಿವವ್ವ ಕೇಳಿದಳು. ಆಮೇಲೆ ಮಗ್ಗದ ಕೋಣೆಗೆ ಹೋಗಿ, ಗೂಟದಿಂದ ಗಂಡನ ಅಂಗಿ ತೆಗೆದು, ಅದಕ್ಕಂಟಿದ್ದ ಅರಳೆಯ ಧೂಳನ್ನು ಝಾಡಿಸಿ ಅವನ ಕೈಗಿಟ್ಟಳು.

“ಹಾಕ್ಕೋರಿ,” ಎಂದಳು. “ಸಂಜಿಮುಂದ ದವಾಖಾನಿ ತಗದಿರ್ತೈತಿ.”