ಹಿಂದಿನ ಗೇಟಿನ ಗಣಪತಿ

ಈ ಕಥೆ ಗಂಡಸರ ಉಚ್ಚೆಯ ವಾಸನೆಯಿಂದಲೇ ಶುರುವಾಗಬೇಕು. ನನಗೂ ಇಷ್ಟವಿಲ್ಲ, ಆದರೆ ಬೇರೆ ದಾರಿಯಿಲ್ಲ.

ಬೊಮ್ಮಸಂದ್ರದ ಫ್ಯಾಕ್ಟರಿಗಳ ನಡುವೆ ಹನುಮಂತರಾಯಪ್ಪನವರ ಪೆಟ್ರೋಲ್ ಬಂಕಿದೆ. ಅಲ್ಲಿ ಹಗಲು ಪಾಳಿಯ ಮೇಲ್ವಿಚಾರಕಿ ನಾನು, ಶೈಲಶ್ರೀ, ಕೊಪ್ಪಳದ ಕಡೆಯವಳು. ಬಂಕಿನ ಮುಂದೆ ದೊಡ್ಡ ರಸ್ತೆ, ಹಿಂದೆ ಒಂದು ಓಣಿ. ಓಣಿಯ ಆ ತುದಿಗೆ ಬಾರು, ಈ ತುದಿಗೆ ಫ್ಯಾಕ್ಟರಿ ಬಸ್ಸುಗಳು ನಿಲ್ಲುವ ಜಾಗ. ಎರಡರ ನಡುವೆ ನಮ್ಮ ಹಿಂಗೋಡೆ, ಅದರಲ್ಲೊಂದು ತಗಡಿನ ಗೇಟು. ಪಾಳಿ ಮುಗಿಸಿ ಬಂದವರೆಲ್ಲ ಆ ಗೇಟಿನ ಮುಂದೆಯೇ ನಿಲ್ಲುತ್ತಿದ್ದರು. ತಗಡಿಗೆ ಹೊಯ್ದರೆ ಸದ್ದು ಬರುತ್ತದಲ್ಲ, ಅದೇನು ಸುಖವೋ! ಗೇಟಿನ ಒಳಗೆ ನಮ್ಮ ಹೆಣ್ಣುಮಕ್ಕಳು ಬಟ್ಟೆ ಬದಲಿಸುವ, ಬುತ್ತಿ ಬಿಚ್ಚುವ ಕೋಣೆ. ರೊಟ್ಟಿ ಮುರಿದು ಬಾಯಿಗಿಟ್ಟರೆ ಆ ವಾಸನೆಗೆ ತುತ್ತು ಇಳಿಯುತ್ತಿರಲಿಲ್ಲ.

ಆ ಗೇಟು ಸುಮ್ಮನೆ ಇಟ್ಟದ್ದಲ್ಲ. ಆಫೀಸಿನ ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಹಸಿರು ಬಾಣಗಳೆಲ್ಲ ಅದರ ಕಡೆಗೇ ಓಡುತ್ತವೆ. ಹಿಂದಿನ ಕೋಣೆಯಿಂದ ಮುಂದಕ್ಕೆ ಬರಲು ಇರುವುದು ಒಂದೇ ಸಂದು. ಆ ಸಂದಿನಲ್ಲೇ ಟ್ಯಾಂಕರ್‌ನಿಂದ ನೆಲದಡಿಯ ಟ್ಯಾಂಕಿಗೆ ಪೆಟ್ರೋಲ್ ಇಳಿಸುವುದು. ಅಲ್ಲಿ ಏನಾದರೂ ಅನಾಹುತವಾದರೆ ಒಳಗಿದ್ದವರಿಗೆ ಹಿಂದಿನ ಗೇಟೇ ಗತಿ. ಓಡಿ ಬಂದವರು ತಳ್ಳಿದರೆ ಸಾಕು ತೆರೆದುಕೊಳ್ಳಲಿ ಎಂದು ಅದನ್ನು ಹೊರಕ್ಕೆ ತೆರೆಯುವ ಹಾಗೆ ಕೂರಿಸಿದ್ದರು.

೨೦೧೨ರಲ್ಲಿ ನನ್ನ ತಾಳ್ಮೆ ತಪ್ಪಿತು. ಊರೆಲ್ಲ ಮಾಡುವ ಉಪಾಯವನ್ನೇ ಮಾಡಿದೆ. ಗಣಪತಿಯ ಚಿತ್ರವಿರುವ ಒಂದು ಟೈಲ್ಸ್ ತಂದು, ಗಮ್ ಮೆತ್ತಿ, ಗೇಟಿನ ತಗಡಿಗೇ ಅಂಟಿಸಿದೆ. ಮಾರನೆಯ ದಿನದಿಂದ ಒಬ್ಬನೂ ನಿಲ್ಲಲಿಲ್ಲ. ಮನುಷ್ಯರ ಊಟದ ಕೋಣೆಗೆ ಹೇಸದವರು ಅಂಗೈಯಗಲದ ಟೈಲ್ಸಿಗೆ ಅಂಜಿದರು. ನಾನು ಗೆದ್ದೆನೆಂದು ಬೀಗಿದೆ.

ತಿಂಗಳೊಳಗೆ ಗಣಪತಿಯ ಹಣೆಗೆ ಯಾರೋ ಕುಂಕುಮವಿಟ್ಟರು. ಆಮೇಲೆ ಸೇವಂತಿಗೆ ಬಂತು. ಆಮೇಲೆ ಅಂಜಿನಮ್ಮ ಬಂದರು. ಇವರು ಬಂಕಿನ ಯಜಮಾನರಾದ ಹನುಮಂತರಾಯಪ್ಪನವರ ಚಿಕ್ಕಮ್ಮ. ಓಣಿಯ ಆಚೆ ಬದಿಯ ಬಾಡಿಗೆ ಕೋಣೆಗಳ ಸಾಲು ಪೂರ್ತಿ ಅವರದೇ. ಬೆಳಿಗ್ಗೆ ಸಂಜೆ ದೀಪ ಹಚ್ಚತೊಡಗಿದರು. ದೀಪ ಗಾಳಿಗೆ ಆರುತ್ತದೆಂದು ಗೇಟಿನ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿಸಿ, ಮೇಲೆ ಪುಟ್ಟ ಗೂಡು ಇಡಿಸಿದರು. ಪಕ್ಕದಲ್ಲೊಂದು ಗಂಟೆಯೂ ಬಂತು. ಹೊರಕ್ಕೆ ತೆರೆಯಬೇಕಾದ ಗೇಟು ಆ ಕಟ್ಟೆಗೆ ಒತ್ತಿಕೊಂಡು ಅಲುಗದಾಯಿತು. ಪೆಟ್ರೋಲ್ ಬಂಕಿನ ತುರ್ತು ದಾರಿಗೆ ಬೀಗ ಹಾಕಿ, ಬೀಗದ ಮೇಲೆ ಬೆಂಕಿ ಹಚ್ಚಿಟ್ಟ ಹಾಗೆ.

ಯಜಮಾನರಿಗೆ ಹೇಳಿದೆ. "ಚಿಕ್ಕಮ್ಮನ ಹತ್ರ ಯಾರು ಮಾತಾಡ್ತಾರಮ್ಮ? ದೇವ್ರು ಕಾಯ್ತಾನೆ ಬಿಡು," ಎಂದರು.

ಆರು ತಿಂಗಳಿಗೊಮ್ಮೆ ಕಂಪನಿಯಿಂದ ಸುರಕ್ಷತೆಯ ಅಧಿಕಾರಿ ಬಂದು ಅಣಕು ಕವಾಯತು ಮಾಡಿಸುತ್ತಾರೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅವರು ಬರುವ ಮುನ್ನಾದಿನ ಕೆಂಪು ಬಕೆಟ್ಟುಗಳಿಗೆ ಹೊಸ ಮರಳಿನ ಹೊದಿಕೆ. ಬೆಂಕಿಗೆಂದು ಇಟ್ಟ ಆ ಬಕೆಟ್ಟುಗಳು ಉಳಿದ ದಿನಗಳಲ್ಲಿ ಡ್ರೈವರುಗಳ ಪೀಕದಾನಿ. ಗುಟ್ಕಾ ಉಗುಳು, ಎಲೆ ಅಡಿಕೆ, ಸಿಂಬಳ, ಎಲ್ಲವೂ ಆ ಮರಳಿಗೇ. ಎಷ್ಟು ಸಲ ಬೈದೆನೋ ಲೆಕ್ಕವಿಲ್ಲ. ನನ್ನೆದುರೇ "ಸಾರಿ ಮೇಡಂ" ಎಂದು ತಿರುಗಿ ಮತ್ತೆ ಉಗಿಯುತ್ತಿದ್ದರು.

ಕಟ್ಟೆ ಎದ್ದ ಮೇಲೆ ಮೊದಲ ಸಲ ಬಂದಾಗ ಅಧಿಕಾರಿ ಸೀಟಿ ಊದಿದರು. ನಮ್ಮ ವಾಚ್‌ಮನ್ ಪಾಪಯ್ಯ "ಬೆಂಕಿ! ಬೆಂಕಿ!" ಎಂದು ನಗುತ್ತಾ ಕೂಗಿದ. ಗೇಟು ತೆರೆಯದಲ್ಲ, ಹಾಗಾಗಿ ನಾವೆಲ್ಲ ಮುಂದಿನಿಂದ ಹೊರಟು, ಪಕ್ಕದ ಬೇಕರಿ ಸುತ್ತಿಕೊಂಡು, ಓಣಿಗೆ ಬಂದು ಗಣಪತಿಯ ಮುಂದೆ ಸಾಲಾಗಿ ನಿಂತೆವು. ಅಧಿಕಾರಿ ಫೋಟೋ ತೆಗೆದರು. ಆಮೇಲೆ ಬೂಟು ಬಿಚ್ಚಿ, ಅಂಜಿನಮ್ಮ ಹಿಡಿದ ಮಂಗಳಾರತಿಯನ್ನು ಕಣ್ಣಿಗೊತ್ತಿಕೊಂಡು, ಪ್ರಸಾದದ ಬಾಳೆಹಣ್ಣು ಸುಲಿಯುತ್ತಲೇ ಫಾರಂ ಮುಂದೆ ಹಿಡಿದರು.

"ರಿಯರ್ ಎಕ್ಸಿಟ್ ಕ್ಲಿಯರ್ ಇದ್ಯಾ? ಎಸ್ ಅಂತ ಟಿಕ್ ಹಾಕಿ ಸೈನ್ ಮಾಡಿ ಮೇಡಂ."

ಹಾಕಿದೆ. ಎಲ್ಲರಿಗಿಂತ ಹೇಸಿಗೆಯ ಕೆಲಸ ಮಾಡಿದವಳು ನಾನೇ, ಅದನ್ನೂ ಹೇಳಿಬಿಡುತ್ತೇನೆ. ಏಕೆಂದರೆ ಆ ಹಿಂದಿನ ಕೋಣೆಯಲ್ಲಿ ದಾನೇಶ್ವರಿ ಇರುತ್ತಿದ್ದಳು. ನಮ್ಮೂರ ಹುಡುಗಿ, ಪೆಟ್ರೋಲ್ ಹಾಕುವ ಕೆಲಸಕ್ಕೆ ನಾನೇ ಕರೆತಂದವಳು. ಬಸ್ ಹತ್ತಿಸುವಾಗ ಅವಳವ್ವ ಮಲಕವ್ವ ನನ್ನ ಕೈ ಹಿಡಿದು, "ನಿನ್ನ ಉಡ್ಯಾಗ ಹಾಕೀನವ್ವಾ, ಇನ್ನ ನಿನ್ನ ಕೂಸು ಅಂತ ತಿಳಕೋ," ಎಂದಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಟ್ಯಾಂಕರ್ ಬಂತು. ಪೈಪ್ ಜೋಡಿಸಿ ಇಳಿಸುತ್ತಿದ್ದಾಗ ಜೋಡಣೆ ಕಳಚಿಕೊಂಡಿತು. ಡ್ರೈವರ್ ವಾಲ್ವ್ ಮುಚ್ಚುವಷ್ಟರಲ್ಲಿ ಸಂದಿನ ತುಂಬ ಪೆಟ್ರೋಲ್ ಚೆಲ್ಲಿ, ಚರಂಡಿ ಹಿಡಿದು, ಹಿಂದಿನ ಗೇಟಿನ ಕಡೆಗೆ ಹರಿಯತೊಡಗಿತು. ನಾನು ತುರ್ತು ಸ್ವಿಚ್ ಒತ್ತಿದೆ, ಪಂಪುಗಳು ನಿಂತವು. ಗಾಡಿಗಳನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡು ಹೋಗಿ ಎಂದು ಕಿರುಚಿದೆ. ತಲೆ ಎಣಿಸಿದರೆ ದಾನೇಶ್ವರಿ ಇಲ್ಲ.

ಹಿಂದಿನಿಂದ ತಗಡು ಬಡಿಯುವ ಸದ್ದು ಬಂತು. "ಅಕ್ಕಾ! ಗೇಟ್ ತೆರಿಯವಲ್ತು! ಅಕ್ಕಾ, ಉಸರ ಕಟ್ಟಾಕತ್ತೈತಿ!"

ಆ ಕ್ಷಣಕ್ಕೆ ನನಗೆ ನೆನಪಾದದ್ದು ಗೇಟಿನಾಚೆಯ ದೀಪ. ಕೈಗೆ ಸಿಕ್ಕಿದ ಕೆಂಪು ಬಕೆಟ್ ಎತ್ತಿಕೊಂಡು ಬೇಕರಿ ಸುತ್ತಿ ಓಡಿದೆ. ಓಣಿಯಲ್ಲಿ ಅಂಜಿನಮ್ಮ ಕೂತು ಹೂ ಏರಿಸುತ್ತಿದ್ದರು. ದೀಪ ಜೋರಾಗಿ ಉರಿಯುತ್ತಿತ್ತು. ಕಟ್ಟೆಯ ಪಕ್ಕದ ಚರಂಡಿಗೆ ಪೆಟ್ರೋಲ್ ಇನ್ನೇನು ಇಳಿಯಬೇಕು, ವಾಸನೆ ಆಗಲೇ ಮೂಗಿಗೆ ಹೊಡೆಯುತ್ತಿತ್ತು.

"ಅಮ್ಮಾ, ದೀಪ ಆರಿಸ್ರಿ! ಪೆಟ್ರೋಲ್ ಬರಾಕತ್ತೈತಿ!"

"ಮಂಗ್ಳವಾರದ ದಿನ ದೀಪ ಆರ್ಸು ಅಂತೀಯಲ್ಲೇ, ಬಾಯಿಗೆ ಮಣ್ಣಾಕ!"

ಬಾಯಿಗೆ ಹಾಕಲಿಲ್ಲ. ಬಕೆಟ್ಟಿನ ಮಣ್ಣನ್ನೆಲ್ಲ ದೀಪದ ಮೇಲೆ, ಊದುಬತ್ತಿಯ ಮೇಲೆ, ಗಣಪತಿಯ ಮೇಲೆ ಸುರಿದೆ. ಬೆಂಕಿ ಸತ್ತಿತು. ಗೇಟನ್ನು ಮಾತ್ರ ಅಲುಗಿಸಲಾಗಲಿಲ್ಲ. ಒಳಗಡೆ ದಾನೇಶ್ವರಿ ಬಡಿಯುತ್ತಿದ್ದಳು, ಹೊರಗಡೆ ನಾನು ಬಡಿಯುತ್ತಿದ್ದೆ, ನಡುವೆ ಆ ತಗಡು. ಪಾಪಯ್ಯ ಉಳಿದ ಬಕೆಟ್ಟುಗಳ ಮರಳನ್ನೆಲ್ಲ ಸಂದಿನಲ್ಲಿ ಹರಡಿ, ಮೇಲೆ ಹಲಗೆ ಹಾಸಿ ಅವಳನ್ನು ಹೊತ್ತು ತರುವಾಗ ಇಪ್ಪತ್ತು ನಿಮಿಷ ಕಳೆದಿತ್ತು. ವಾಂತಿ ಮಾಡಿ ಮಾಡಿ ಅವಳ ಮುಖ ಬೂದಿಯಾಗಿತ್ತು. ನನ್ನ ಕೈ ಹಿಡಿದಳು. ಟಿಕ್ ಹಾಕಿದ ಕೈಯದು. ಬಿಡಿಸಿಕೊಳ್ಳಬೇಕೆನಿಸಿತು.

ಓಣಿಯಲ್ಲಿ ಅಷ್ಟು ಹೊತ್ತಿಗೆ ಜನ ಸೇರಿದ್ದರು. ಹುಡುಗಿ ಬದುಕಿದಳೇ ಎಂದು ಒಬ್ಬರೂ ಕೇಳಲಿಲ್ಲ.

"ನೋಡ್ರಪ್ಪೋ, ಎಂಜಲು ಮಣ್ಣು! ದ್ಯಾವ್ರ ಮ್ಯಾಗೆ ಗುಟ್ಕಾ ಎಂಜಲು ಸುರ್ದವ್ಳೆ ಈ ಮೂದೇವಿ!" ಅಂಜಿನಮ್ಮ ಎದೆ ಬಡಿದುಕೊಳ್ಳುತ್ತಿದ್ದರು. ಸುತ್ತ ನಿಂತ ಗಂಡಸರು ಛೀ ಥೂ ಎಂದರು. ಅವರಲ್ಲಿ ನಾಲ್ವರನ್ನು ನಾನು ಗುರುತಿಸಿದೆ. ಆ ಎಂಜಲು ಅವರದೇ. ಥೂ ಎಂದು ಉಗಿಯುವಾಗಲೂ ಒಬ್ಬನ ಬಾಯಿಂದ ಕೆಂಪಗೇ ಬಿತ್ತು.

ಸಂಜೆ ಯಜಮಾನರು ಕರೆದರು. "ಪೆಟ್ರೋಲ್ ಚೆಲ್ಲಿದ್ದು ಚೆಲ್ತು, ಯಾರ್ಗೂ ಏನೂ ಆಗ್ಲಿಲ್ಲ. ದೇವ್ರ ವಿಷ್ಯ ಹಂಗಲ್ಲಮ್ಮ. ಗುರುವಾರ ಬೆಳಿಗ್ಗೆ ತಪ್ಪುಗಾಣಿಕೆ ಇಟ್ಟು, ಕಾಯಿ ಒಡ್ದು, ಕರ್ಪೂರ ಹಚ್ಚಿ ಕ್ಷಮೆ ಕೇಳ್ಬಿಡು. ಇಲ್ಲಾಂದ್ರೆ ಕೆಲ್ಸಕ್ಕೆ ಬರ್ಬೇಡ."

"ಕರ್ಪೂರ ಎಲ್ಲಿ ಹಚ್ಚಲಿ ಸಾರ್?"

"ಇನ್ನೆಲ್ಲಿ? ಅಲ್ಲೇ, ಗೇಟ್ ಹತ್ರ."

ಅಂದು ಬೆಳಿಗ್ಗೆಯಷ್ಟೇ ಪೆಟ್ರೋಲ್ ಹರಿದ ಜಾಗದಲ್ಲಿ ನಾನು ಕರ್ಪೂರ ಹಚ್ಚಬೇಕು. ನಗು ಬಂತು. ಕೆಲಸ ಬಿಡಬಹುದಿತ್ತು. ಆದರೆ ನಾನು ಬಿಟ್ಟರೆ ಆ ಕೋಣೆಯಲ್ಲಿ ದಾನೇಶ್ವರಿ ಒಬ್ಬಳೇ ಉಳಿಯುತ್ತಾಳೆ, ಟಿಕ್ ಹಾಕುವವರು ಬೇರೆ ಯಾರೋ ಬರುತ್ತಾರೆ.

ಗುರುವಾರ ಎಲ್ಲರಿಗಿಂತ ಮೊದಲು, ಕಾಯಿ ಕರ್ಪೂರದ ತಟ್ಟೆಯ ಜೊತೆ ಒಂದು ದೊಡ್ಡ ಸ್ಪ್ಯಾನರ್ ಹಿಡಿದು ಓಣಿಗೆ ಹೋದೆ. ಟೈಲ್ಸನ್ನು ಆಗಲೇ ತೊಳೆದು ಹೂ ಮುಡಿಸಿದ್ದರು. ಬೆರಳಾಡಿಸಿ ನೋಡಿದೆ. ಕೂದಲೆಳೆಯ ಬಿರುಕೂ ಇರಲಿಲ್ಲ. ನಾನು ದೇವರನ್ನು ನಂಬುವವಳೇ. ಕೋಣೆಯಲ್ಲಿ ಸವದತ್ತಿ ಎಲ್ಲಮ್ಮನಿಗೆ ಕೈ ಮುಗಿಯದೆ ನೀರು ಕುಡಿಯುವುದಿಲ್ಲ. "ತಪ್ಪಾತಪ್ಪಾ ಗಣಪ್ಪಾ, ತಂದವಳೂ ನಾನಽ, ಕಳಸವಳೂ ನಾನಽ," ಎಂದು ಸ್ಪ್ಯಾನರಿನಿಂದ ಒಂದೇ ಏಟು ಹಾಕಿದೆ. ಸೊಂಡಿಲಿನಿಂದ ಪಾದದವರೆಗೆ ಬಿರುಕು ಬಿಟ್ಟಿತು. ಸ್ಪ್ಯಾನರನ್ನು ಗೋಡೆಯ ಮೇಲಿಂದ ಒಳಕ್ಕೆ ಎಸೆದು, ತಲೆಯ ಮೇಲೆ ಸೆರಗು ಹೊದ್ದು ನಿಂತೆ.

ಅಂಜಿನಮ್ಮ ಬಂದು ನೋಡಿ ಹೌಹಾರಿದರು. "ಅಯ್ಯಯ್ಯೋ, ದ್ಯಾವ್ರು ಭಿನ್ನ ಆಗೋಗದೆ!"

"ಅವತ್ತು ಬಕೆಟ್ ತಾಕಿರಬೇಕಮ್ಮಾ, ಈಗ ಬಾಯಿ ಬಿಟ್ಟೈತಿ," ಎಂದೆ.

ಭಿನ್ನವಾದ ಮೂರ್ತಿಗೆ ಪೂಜೆ ಮಾಡಿದರೆ ಮನೆಗೆ ಕೇಡು. ಇದನ್ನು ನಾನು ಹೇಳಬೇಕಾಗಲಿಲ್ಲ, ಅವರೇ ಎಲ್ಲರಿಗೂ ಹೇಳಿದರು. ಟೈಲ್ಸ್ ಕಿತ್ತು, ಅರಿಶಿನದ ಬಟ್ಟೆಯಲ್ಲಿ ಸುತ್ತಿ ಕೆರೆಗೆ ಬಿಟ್ಟರು. ದೇವರಿಲ್ಲದ ಕಟ್ಟೆ ಇರಬಾರದೆಂದು ಅದನ್ನೂ ಒಡೆಸಿದರು. ಬರುವ ಸೋಮವಾರ ಹೊಸದನ್ನು ಕೂರಿಸುವುದೆಂದೂ, ನನ್ನ ಕರ್ಪೂರವೂ ಕ್ಷಮೆಯೂ ಅಂದೇ ಎಂದೂ ಮಾತಾಯಿತು.

ಅಂದು ಸಂಜೆ ಪಾಳಿ ಬಿಟ್ಟಾಗ ಮೊದಲನೆಯವನು ಬಂದ. ಆಚೀಚೆ ನೋಡಿದ. ಬರೀ ತಗಡು ಕಂಡಿತು. ನಾನು ಗೋಡೆಯ ಇತ್ತ ಕಡೆ ನಿಂತು ಆ ಸದ್ದು ಕೇಳಿದೆ. ಜೀವನದಲ್ಲಿ ಮೊದಲ ಸಲ ಬೈಯಲಿಲ್ಲ. ಹೊಯ್ಯಪ್ಪಾ, ಹೊಟ್ಟೆ ತುಂಬ ನೀರು ಕುಡಿದು ಬಂದು ಹೊಯ್ಯಿ ಎಂದುಕೊಂಡೆ. ಶನಿವಾರದ ಹೊತ್ತಿಗೆ ಹತ್ತಿರ ಸುಳಿಯಲಾಗುತ್ತಿರಲಿಲ್ಲ. ಸೋಮವಾರ ಅಂಜಿನಮ್ಮ ಹೊಸ ಟೈಲ್ಸ್ ಹಿಡಿದು ಬಂದವರು, ಮೂಗಿಗೆ ಸೆರಗು ಒತ್ತಿಕೊಂಡು, "ಥೂ, ಇಂತಾ ಹೇಸ್ಗೆ ಜಾಗದಾಗೆ ದ್ಯಾವ್ರನ್ನ ಇಕ್ಕಕಾಯ್ತದಾ!" ಎಂದು ತಮ್ಮ ಮನೆಯ ಜಗುಲಿಗೇ ಕೊಂಡೊಯ್ದರು.

ಈಗ ವಾಸನೆ ಮೊದಲಿಗಿಂತ ಜಾಸ್ತಿ. ಮಧ್ಯಾಹ್ನ ದಾನೇಶ್ವರಿ ಕೋಣೆಗೆ ಬಂದವಳು ಮೊದಲು ಬುತ್ತಿ ಬಿಚ್ಚುವುದಿಲ್ಲ. ಗೇಟಿನ ಹತ್ತಿರ ಹೋಗಿ ಕಾಲಿನಿಂದ ಒಂದು ಸಲ ಒದೆಯುತ್ತಾಳೆ. ಅದು ಓಣಿಗೆ ತೆರೆದುಕೊಳ್ಳುತ್ತದೆ. ಮತ್ತೆ ಎಳೆದು ಮುಚ್ಚಿ ಬಂದು ಕೂತು, ಒಂದು ಕೈಯಿಂದ ಮೂಗು ಹಿಡಿದುಕೊಂಡು ಇನ್ನೊಂದು ಕೈಯಿಂದ ರೊಟ್ಟಿ ತಿನ್ನುತ್ತಾಳೆ.